ಕೊಂಕಣ ರೈಲ್ವೆ

ಭಾರತದ ಪಶ್ಚಿಮ ಕರಾವಳಿಯಲ್ಲಿ, ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ರೋಹಾದಿಂದ ದಕ್ಷಿಣ ಕನ್ನಡ ಜಿಲ್ಲೆಯ ತೋಕೂರಿನವರೆಗೆ, ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಹಾದುಹೋಗುವ ಸುಮಾರು 739 ಕಿಲೋಮೀಟರ್ ಉದ್ದದ ರೈಲು ಮಾರ್ಗಕ್ಕೆ ಕೊಂಕಣ ರೈಲ್ವೆ ಎಂದು ಹೆಸರು. ಆ ಮಾರ್ಗವನ್ನು ಕಟ್ಟಿ ಇಂದಿಗೂ ನಡೆಸುತ್ತಿರುವ ಸಾರ್ವಜನಿಕ ನಿಗಮವನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಮಾರ್ಗದ ಸುಮಾರು 361 ಕಿಲೋಮೀಟರ್ ಮಹಾರಾಷ್ಟ್ರದಲ್ಲಿಯೂ 105 ಕಿಲೋಮೀಟರ್ ಗೋವಾದಲ್ಲಿಯೂ ಉಳಿದ 273 ಕಿಲೋಮೀಟರ್ ಕರ್ನಾಟಕದ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೂ ಇದೆ. 1990ರಲ್ಲಿ ಆರಂಭವಾದ ನಿರ್ಮಾಣ ಮುಗಿದು ಇಡೀ ಮಾರ್ಗ ಸಂಚಾರಕ್ಕೆ ಸಿದ್ಧವಾದದ್ದು 1998ರ ಜನವರಿ 26ರಂದು. ಸ್ವಾತಂತ್ರ್ಯಾನಂತರ ದೇಶದಲ್ಲಿ ಕಟ್ಟಲಾದ ರೈಲು ಮಾರ್ಗಗಳ ಪೈಕಿ ಇದರಷ್ಟು ಹೊಗಳಿಸಿಕೊಂಡದ್ದು ಇನ್ನೊಂದಿಲ್ಲವೆನ್ನಬಹುದು. ಆದರೆ ಹೊಗಳಿಕೆ ಹೆಚ್ಚಾಗಿ ಸುರಂಗ ಸೇತುವೆಗಳಿಗೆ ಸಂದಿರುವುದರಿಂದ, ಒಂಟಿ ಹಳಿಯ ಮೇಲೆ, ವರ್ಷದ ಮೂರನೆಯ ಒಂದು ಭಾಗ ಸುರಿಯುವ ಮಳೆಯಲ್ಲಿ, ಈ ರೈಲುಗಳನ್ನು ದಿನವೂ ನಡೆಸುವ ಕೆಲಸದ ಕಷ್ಟ ಅಷ್ಟಾಗಿ ಹೊರಗೆ ಕಾಣುವುದಿಲ್ಲ.

ನೆಲದ ಲಕ್ಷಣ

ಕರಾವಳಿಯ ನಕ್ಷೆಯನ್ನು ನೋಡಿದವರಿಗೆ ಕಡಲಿನ ಅಂಚಿನಲ್ಲಿ ಹಳಿ ಹಾಸುವುದು ಸುಲಭವೆಂದು ತೋರಬಹುದು. ವಾಸ್ತವದಲ್ಲಿ ಇಲ್ಲಿಯ ನೆಲದ ಓಟ ಪೂರ್ವದಿಂದ ಪಶ್ಚಿಮಕ್ಕೆ. ಘಟ್ಟದಲ್ಲಿ ಹುಟ್ಟಿದ ಹೊಳೆಗಳು ಹೆಚ್ಚು ದೂರ ಹರಿಯದೆ ಕಡಲು ಸೇರುತ್ತವೆ, ಎರಡು ಹೊಳೆಗಳ ನಡುವೆ ಘಟ್ಟದ ಕವಲುಗಳು ಚಾಚಿಕೊಂಡು ಕೆಲವೆಡೆ ಅಲೆಯವರೆಗೂ ಬಂದು ನಿಲ್ಲುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕಾದ ಹಳಿಗೆ ಹೀಗಾಗಿ ಒಂದು ಗುಡ್ಡ, ಒಂದು ಹೊಳೆ, ಮತ್ತೊಂದು ಗುಡ್ಡ ಎಂಬ ಸರಣಿ ಕೊನೆಯವರೆಗೂ ತಪ್ಪುವುದಿಲ್ಲ. ಸಾವಿತ್ರಿ, ವಾಶಿಷ್ಠಿ, ಮಾಂಡವಿ, ಜುವಾರಿ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಂಥ ದೊಡ್ಡ ನದಿಗಳ ಜೊತೆಗೆ ಹೆಸರಿಲ್ಲದ ನೂರಾರು ಹಳ್ಳತೊರೆಗಳನ್ನೂ ಅದು ದಾಟಬೇಕು.

ನೆಲದ ಗುಣವೂ ಒಂದೇ ಬಗೆಯದಲ್ಲ. ಉತ್ತರದಲ್ಲಿ, ರಾಯಗಡ ಮತ್ತು ರತ್ನಾಗಿರಿ ಜಿಲ್ಲೆಗಳಲ್ಲಿ, ಲಾವಾರಸ ಗಟ್ಟಿಯಾಗಿ ಆದ ಕಪ್ಪು ಬಸಾಲ್ಟ್ ಬಂಡೆ ಹೆಚ್ಚು; ದಕ್ಷಿಣಕ್ಕೆ ಬಂದಂತೆ ಮೇಲ್ಪದರದಲ್ಲಿ ಕರಾವಳಿಯವರು ಮುರಕಲ್ಲು ಅಥವಾ ಕೆಂಪುಕಲ್ಲು ಎನ್ನುವ ಜಂಬಿಟ್ಟಿಗೆ, ಅದರ ಕೆಳಗೆ ನೀರು ತಾಗಿದೊಡನೆ ಜಾರುವ ನುಣುಪಾದ ಶೇಡಿಮಣ್ಣು. ಬಂಡೆಯನ್ನು ಸಿಡಿಸಿ ಕೊರೆದ ಸುರಂಗ ತನ್ನಷ್ಟಕ್ಕೆ ನಿಂತೀತು. ಶೇಡಿಮಣ್ಣಿನಲ್ಲಿ ಕೊರೆದದ್ದು ನಿಲ್ಲುವುದಿಲ್ಲ. ಮಾರ್ಗವನ್ನು ಕಟ್ಟಿದವರಿಗೂ ಅನಂತರ ಅದನ್ನು ಕಾಯುತ್ತಿರುವವರಿಗೂ ಹೆಚ್ಚು ತೊಂದರೆ ಕೊಟ್ಟದ್ದು ಈ ಮೆತ್ತನೆಯ ಮಣ್ಣೇ.

ಹಿನ್ನೆಲೆ ಮತ್ತು ಸ್ಥಾಪನೆ

ಮುಂಬೈಗೆ ರೈಲು ಬಂದದ್ದು 1853ರಲ್ಲಿ. ಮಂಗಳೂರಿಗೆ ಅದು ದಕ್ಷಿಣದ ಕಡೆಯಿಂದ, ಮಲಬಾರಿನ ಮೂಲಕ, 1907ರಲ್ಲಿ ಮುಟ್ಟಿತು. ಅವೆರಡರ ನಡುವಿನ ಕರಾವಳಿಯಲ್ಲಿ ಗೋವಾದ ಮುರ್ಮುಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟ ಏರುವ ಒಂದು ಅಡ್ಡ ಮಾರ್ಗವನ್ನು ಬಿಟ್ಟರೆ ಶತಮಾನದುದ್ದಕ್ಕೂ ಹಳಿಯೇ ಇರಲಿಲ್ಲ. ರತ್ನಾಗಿರಿ ಕಡೆಯ ಜನ ಮುಂಬೈಯ ಗಿರಣಿಗಳಿಗೂ, ಕುಂದಾಪುರ ಉಡುಪಿಗಳ ಜನ ಅಲ್ಲಿಯ ಹೋಟೆಲುಗಳಿಗೂ ತಲೆಮಾರುಗಳಿಂದ ಹೋಗಿಬರುತ್ತಿದ್ದರೂ ಅವರ ದಾರಿ ಮೊದಲು ಆಗಬೋಟು, ಅಂದರೆ ಹೊಗೆಹಡಗು, ಅನಂತರ ಹೆದ್ದಾರಿಯ ಬಸ್ಸು. ಮಳೆಗಾಲ ಬಂದೊಡನೆ ಹಡಗಿನ ದಾರಿ ಮುಚ್ಚಿಹೋಗುತ್ತಿತ್ತು. ಮಂಗಳೂರಿನಿಂದ ರೈಲಿನಲ್ಲೇ ಮುಂಬೈಗೆ ಹೋಗಬೇಕೆನ್ನುವವರು ಮೊದಲು ಕೇರಳಕ್ಕಿಳಿದು, ಅಲ್ಲಿಂದ ಪೂರ್ವಕ್ಕೆ ತಿರುಗಿ, ಪರ್ಯಾಯ ದ್ವೀಪವನ್ನು ಬಳಸಿ 2,041 ಕಿಲೋಮೀಟರ್ ಸುತ್ತಬೇಕಾಗಿತ್ತು.

ಕರಾವಳಿಗೆ ರೈಲು ಬೇಕೆಂಬ ಬೇಡಿಕೆಯನ್ನು ಸಂಸತ್ತಿನಲ್ಲಿ ಬಿಡದೆ ಎತ್ತಿದವರಲ್ಲಿ ರಾಜಾಪುರ ಕ್ಷೇತ್ರದ ಸದಸ್ಯರಾಗಿದ್ದ ಬ್ಯಾರಿಸ್ಟರ್ ನಾಥ್ ಪೈ ಮತ್ತು ಅವರ ಅನಂತರ ಅದೇ ಕ್ಷೇತ್ರದಿಂದ ಬಂದ ಮಧು ದಂಡವತೆ ಮುಖ್ಯರು. ಉತ್ತರದ ತುದಿಯಲ್ಲಿ ಹಳಿ ದಿವಾದಿಂದ ಪನ್ವೇಲಿಗೂ ಅಲ್ಲಿಂದ 1986ರ ಹೊತ್ತಿಗೆ ರೋಹಾಕ್ಕೂ ಬಂದು ನಿಂತಿತ್ತು. ಅದೂ ಜನರಿಗಿಂತ ಹೆಚ್ಚಾಗಿ ಅಲ್ಲಿಯ ರಾಸಾಯನಿಕ ಕಾರ್ಖಾನೆಗಳಿಗಾಗಿ. ದಕ್ಷಿಣದಲ್ಲಿ ಮಂಗಳೂರಿನಿಂದ ಮಡಗಾಂವ್‌ವರೆಗಿನ ಮೋಜಣಿ 1980ರ ದಶಕದ ನಡುವೆ ಆರಂಭವಾಗಿ, ಬಳಿಕ ಮಡಗಾಂವ್‌ನಿಂದ ರೋಹಾವರೆಗಿನ ಭಾಗವೂ ಅದಕ್ಕೆ ಸೇರಿ, 1988ರಲ್ಲಿ ಇಡೀ ಯೋಜನೆಯ ವರದಿಯನ್ನು ದಕ್ಷಿಣ ರೈಲ್ವೆ ಸಲ್ಲಿಸಿತು.

ವರದಿಯಿದ್ದರೂ ಹಣವಿರಲಿಲ್ಲ. ರೈಲ್ವೆ ಬಜೆಟ್ಟಿನಲ್ಲಿ ವರ್ಷಕ್ಕಿಷ್ಟೆಂದು ಸಿಗುವ ಅನುದಾನವನ್ನು ನೆಚ್ಚಿದ್ದರೆ ಮಾರ್ಗ ಮುಗಿಯಲು ದಶಕಗಳೇ ಹಿಡಿಯುತ್ತಿದ್ದವು. 1989ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ವಿ.ಪಿ. ಸಿಂಗ್ ಸರ್ಕಾರದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿಯೂ ದಂಡವತೆ ಹಣಕಾಸು ಮಂತ್ರಿಯಾಗಿಯೂ ಏಕಕಾಲದಲ್ಲಿ ಇದ್ದದ್ದು ಕರಾವಳಿಯ ಅದೃಷ್ಟವೆಂದೇ ಹೇಳಬೇಕು. ಆ ಸರ್ಕಾರ ಬಾಳಿದ್ದು ಒಂದು ವರ್ಷಕ್ಕೂ ಕಡಿಮೆ. ಅಷ್ಟರಲ್ಲೇ, 1990ರ ಜುಲೈ 19ರಂದು, ಕೊಂಕಣ ರೈಲ್ವೆ ನಿಗಮ ಪ್ರತ್ಯೇಕ ಕಂಪನಿಯಾಗಿ ನೋಂದಣಿಯಾಯಿತು. ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು ಶೇ. 22, ಕರ್ನಾಟಕದ್ದು ಶೇ. 15, ಗೋವಾ ಮತ್ತು ಕೇರಳದ್ದು ತಲಾ ಶೇ. 6. ಮಾರ್ಗದ ಒಂದು ಅಡಿಯೂ ತನ್ನ ನೆಲದಲ್ಲಿಲ್ಲದ ಕೇರಳ ಪಾಲುದಾರನಾದದ್ದಕ್ಕೆ ಕಾರಣ, ಮುಂಬೈಗೆ ಹೋಗುವ ಅಲ್ಲಿಯ ಪ್ರಯಾಣಿಕರಿಗೆ ಆಗುವ ಉಳಿತಾಯ. ಪಾಲು ಬಂಡವಾಳ ಸಾಲದೆ ಬಂದಾಗ ಉಳಿದ ಹಣವನ್ನು ಸಾರ್ವಜನಿಕರಿಗೆ ಸಾಲಪತ್ರಗಳನ್ನು ಮಾರಿ ಎತ್ತಲಾಯಿತು. ಕಟ್ಟಿದವರೇ ಕೆಲಕಾಲ ನಡೆಸಿ, ಬಂದ ಆದಾಯದಿಂದ ಸಾಲ ತೀರಿಸಿ, ಅನಂತರ ಸರ್ಕಾರಕ್ಕೆ ಒಪ್ಪಿಸುವ ಈ ಪದ್ಧತಿ ರೈಲ್ವೆಗೆ ಅಂದು ತೀರ ಹೊಸದು. ಒಟ್ಟು ವೆಚ್ಚ ಮೂರು ಸಾವಿರ ಕೋಟಿ ರೂಪಾಯಿಯನ್ನು ಮೀರಿತು.

ನಿರ್ಮಾಣ

1990ರ ಸೆಪ್ಟೆಂಬರ್ 15ರಂದು ರೋಹಾದಲ್ಲಿ ಅಡಿಗಲ್ಲು ಬಿತ್ತು. ನಿಗಮದ ಮೊದಲ ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರಾದ ಇ. ಶ್ರೀಧರನ್ ಅವರು ಐದು ವರ್ಷಗಳ ಗಡುವು ಹಾಕಿಕೊಂಡು, ಮಾರ್ಗವನ್ನು ಮಹಾಡ್, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ, ಪಣಜಿ, ಕಾರವಾರ, ಉಡುಪಿ ಎಂದು ಸುಮಾರು ನೂರು ನೂರು ಕಿಲೋಮೀಟರಿನ ಏಳು ವಿಭಾಗಗಳಾಗಿ ಒಡೆದು, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ನೇಮಿಸಿ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರವನ್ನು ಅವರ ಕೈಗೇ ಕೊಟ್ಟರು. ಕಡತ ದಿಲ್ಲಿಗೆ ಹೋಗಿ ಬರುವುದನ್ನು ಕಾಯಬೇಕಿಲ್ಲದ ಈ ಏರ್ಪಾಡಿನಿಂದ ಸುಮಾರು 42,000 ಹಿಡುವಳಿದಾರರಿಂದ ಭೂಮಿ ಪಡೆಯುವ ಕೆಲಸವೂ ಹಲವೆಡೆ ಒಂದೆರಡು ವರ್ಷಗಳಲ್ಲಿ ಮುಗಿಯಿತು.

ಮಾರ್ಗದ ವಿನ್ಯಾಸದಲ್ಲಿ ಮಾಡಿದ ಒಂದು ಆಯ್ಕೆ ಉಳಿದೆಲ್ಲವನ್ನೂ ನಿರ್ಧರಿಸಿತು. ರೈಲು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಓಡುವಂತಿರಬೇಕೆಂದು ಏರಿಳಿತವನ್ನು 150ಕ್ಕೆ 1ಕ್ಕಿಂತ ಹೆಚ್ಚಾಗದಂತೆ, ಅಂದರೆ 150 ಮೀಟರ್ ಮುಂದೆ ಸಾಗಿದಾಗ ಏರು ಒಂದು ಮೀಟರನ್ನು ಮೀರದಂತೆ, ಮತ್ತು ತಿರುವುಗಳು ಬಹಳ ಅಗಲವಾಗಿರುವಂತೆ ಕಟ್ಟುಮಾಡಲಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಳಿಯಲ್ಲಿ ಏರು 50ಕ್ಕೆ 1 ಇದೆಯೆಂಬುದನ್ನು ನೆನೆದರೆ ಈ ನಿಯಮ ಎಷ್ಟು ಬಿಗಿಯಾದದ್ದೆಂಬುದು ತಿಳಿಯುತ್ತದೆ. ಗುಡ್ಡವನ್ನು ಬಳಸಿ ಹೋಗುವ ಅವಕಾಶವಿಲ್ಲದ್ದರಿಂದ ಅದನ್ನು ಕೊರೆಯಬೇಕಾಯಿತು, ಇಲ್ಲವೇ ಮೇಲಿನಿಂದ ಸೀಳಬೇಕಾಯಿತು. ಹೀಗೆ 91 ಸುರಂಗಗಳೂ, ಒಟ್ಟು ಸುಮಾರು 2,000 ಸೇತುವೆಗಳೂ, ರೈಲ್ವೆಯವರು ಕಟಿಂಗ್ ಎನ್ನುವ, ಎರಡು ಬದಿಗೂ ಕಡಿದ ಗುಡ್ಡದ ಗೋಡೆಗಳಿರುವ ನೂರಾರು ಸೀಳುದಾರಿಗಳೂ ಆದವು. ಸುರಂಗಗಳ ಒಟ್ಟು ಉದ್ದವೇ 84 ಕಿಲೋಮೀಟರಿನಷ್ಟು. ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗ 6.5 ಕಿಲೋಮೀಟರ್ ಉದ್ದವಿದ್ದು, ಬಹುಕಾಲ ದೇಶದ ರೈಲು ಸುರಂಗಗಳಲ್ಲೇ ಅತಿ ಉದ್ದದ್ದೆನಿಸಿತ್ತು. ಅದೇ ಜಿಲ್ಲೆಯ ಪಾನ್ವಲ್ ಹೊಳೆಯ ಮೇಲಿನ ಸೇತುವೆ ತಳದಿಂದ 64 ಮೀಟರ್ ಎತ್ತರದಲ್ಲಿದೆ. ಮಾರ್ಗದ ಅತಿ ಉದ್ದದ ಸೇತುವೆ ಮಾತ್ರ ಕರ್ನಾಟಕದ್ದು: ಹೊನ್ನಾವರದಲ್ಲಿ ಶರಾವತಿಯ ಅಳಿವೆಯನ್ನು ದಾಟುವ ಅದರ ಉದ್ದ ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ಗೋವಾದಲ್ಲಿ ಕೆಲಸಕ್ಕೆ ತಡೆ ಬಂದದ್ದು ಜನರಿಂದ. ಮಾರ್ಗ ಅಲ್ಲಿಯ ಜನವಸತಿಯ ಕರಾವಳಿ ತಾಲ್ಲೂಕುಗಳನ್ನೂ ಖಜಾನ್ ಭೂಮಿಗಳನ್ನೂ ಹಾದುಹೋಗುತ್ತಿತ್ತು. ಅಳಿವೆಯ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು, ಬಾಗಿಲುಗಳ ಮೂಲಕ ಉಬ್ಬರವಿಳಿತವನ್ನು ಹದದಲ್ಲಿಟ್ಟುಕೊಂಡು ಭತ್ತವನ್ನೂ ಮೀನನ್ನೂ ಬೆಳೆಯುವ ಗದ್ದೆಗಳಿಗೆ ಖಜಾನ್ ಎಂದು ಹೆಸರು. ಕುಮಟಾ ಕಡೆ ಅಘನಾಶಿನಿಯ ದಂಡೆಯವರು ಗಜನಿ ಎನ್ನುವುದು ಇದನ್ನೇ. ಇಂಥ ನೆಲದಲ್ಲಿ ಎತ್ತರದ ಮಣ್ಣಿನ ಏರಿ ಹಾಕಿದರೆ ನೀರಿನ ಓಡಾಟ ಕೆಡುತ್ತದೆ, ಹಳೆಯ ಊರುಗಳ ನೆಮ್ಮದಿ ಹಾಳಾಗುತ್ತದೆ, ಆದ್ದರಿಂದ ಮಾರ್ಗ ಒಳನಾಡಿಗೆ ಸರಿಯಲಿ ಎಂಬುದು ವಿರೋಧಿಸಿದವರ ವಾದ. ಚಳವಳಿ ಬಲಿತು 1993ರಲ್ಲಿ ಗೋವಾದ ಕೆಲಸ ನಿಂತಿತು. ನಿವೃತ್ತ ನ್ಯಾಯಮೂರ್ತಿ ಓಝಾ ಅವರ ಆಯೋಗ ವಿಚಾರಣೆ ನಡೆಸಿತು. ಕೊನೆಗೆ ಹೆಚ್ಚಿನ ಬದಲಾವಣೆಯಿಲ್ಲದೆ ಮೊದಲಿನ ಮಾರ್ಗವೇ ಉಳಿದು ಕೆಲಸ ಮುಂದುವರಿಯಿತು. ರೈಲು ಬಂದ ಮೇಲೆ ಆ ವಿವಾದ ಮರೆಯಾದರೂ, ಜೌಗು ನೆಲದಲ್ಲಿ ಏರಿ ಹಾಕುವುದರ ಬಗ್ಗೆ ಅಂದು ಕೇಳಿದ ಪ್ರಶ್ನೆಗಳು ಹುರುಳಿಲ್ಲದವೇನೂ ಆಗಿರಲಿಲ್ಲ.

ಇನ್ನೊಂದು ತಡೆ ನೆಲದ್ದೇ. ಬಂಡೆ ಕೊರೆಯಲು ಸ್ವೀಡನ್ನಿನಿಂದ ತರಿಸಿದ ಯಂತ್ರಗಳು ಮೆತ್ತನೆಯ ಮಣ್ಣಿನಲ್ಲಿ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಕೈಯಿಂದ ಅಗೆದು, ಅಗೆದಷ್ಟಕ್ಕೆ ಆಸರೆ ಕೊಟ್ಟು, ಕುಸಿದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿತ್ತು. ಉತ್ತರ ಗೋವಾದ ಪೆಡಣೆಯ, ರೈಲ್ವೆ ಕಾಗದಗಳಲ್ಲಿ ಪೆರ್ನೆಮ್ ಎಂದಿರುವ, ಒಂದೂವರೆ ಕಿಲೋಮೀಟರ್ ಉದ್ದದ ಸುರಂಗ ಹೀಗೆ ವರ್ಷಗಟ್ಟಲೆ ಸತಾಯಿಸಿ ಇಡೀ ಮಾರ್ಗವನ್ನೇ ತಡೆದು ನಿಲ್ಲಿಸಿತು. ದಕ್ಷಿಣದಲ್ಲಿ ಮಂಗಳೂರು–ಉಡುಪಿ ನಡುವೆ 1993ರ ಮಾರ್ಚಿನಲ್ಲಿಯೂ, ಉತ್ತರದಲ್ಲಿ ರೋಹಾ–ವೀರ್ ನಡುವೆ ಅದೇ ವರ್ಷದ ಜೂನಿನಲ್ಲಿಯೂ ರೈಲು ಓಡತೊಡಗಿ, 1996ರ ಕೊನೆಗೆ ಉತ್ತರದ ಹಳಿ ಸಾವಂತವಾಡಿಯನ್ನು ಮುಟ್ಟಿದ್ದರೂ, ಎರಡೂ ತುದಿಗಳು ಕೂಡಲು ಪೆಡಣೆಯ ಮಣ್ಣು ಇನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಕಾಯಿಸಿತು. ಕೆಲಸದಲ್ಲಿ ಜೀವ ತೆತ್ತ ಕಾರ್ಮಿಕರ ಸ್ಮಾರಕವೊಂದು ರತ್ನಾಗಿರಿ ನಿಲ್ದಾಣದಲ್ಲಿದೆ.

ಸಂಚಾರ ವ್ಯವಸ್ಥೆ

ಇಷ್ಟು ಖರ್ಚಿನ ಸುರಂಗ ಸೇತುವೆಗಳನ್ನು ಕಟ್ಟಿದರೂ ಅವುಗಳಲ್ಲಿ ಹಾಸಿದ್ದು ಒಂಟಿ ಹಳಿ. ಹಣದ ಮಿತಿಯಲ್ಲಿ ಬೇರೆ ದಾರಿಯಿರಲಿಲ್ಲ. ಆದರೆ ಮಾರ್ಗದ ದಿನನಿತ್ಯದ ಎಲ್ಲ ಇಕ್ಕಟ್ಟಿಗೂ ಮೂಲ ಅದೇ. ಎರಡು ನಿಲ್ದಾಣಗಳ ನಡುವಿನ ಹಳಿಯ ತುಂಡನ್ನು ರೈಲ್ವೆ ಭಾಷೆಯಲ್ಲಿ ಬ್ಲಾಕ್ ಎನ್ನುತ್ತಾರೆ. ಇಂಥ ಮಾರ್ಗದಲ್ಲಿ ಒಂದು ಬ್ಲಾಕಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು ಇರಬಹುದು. ಎದುರಿನಿಂದ ಬರುವ ರೈಲು ಹಿಂದಿನ ನಿಲ್ದಾಣದಲ್ಲಿ ಲೂಪ್ ಎಂಬ ಪಕ್ಕದ ಹಳಿಗೆ ಸರಿದು ದಾರಿ ಬಿಡಬೇಕು. ಪ್ರಯಾಣಿಕರ ಬಾಯಲ್ಲಿ ಕ್ರಾಸಿಂಗ್ ಎನಿಸಿಕೊಂಡಿರುವ ಈ ಕಾಯುವಿಕೆ ಕೊಂಕಣ ಮಾರ್ಗದ ಪ್ರಯಾಣದ ಬಿಡಿಸಲಾಗದ ಅಂಗ. ಯಾವ ರೈಲು ಯಾರಿಗೆ ದಾರಿ ಬಿಡಬೇಕೆಂಬುದಕ್ಕೆ ಕ್ರಮವಿದೆ: ರಾಜಧಾನಿ, ವಂದೇ ಭಾರತ್‌ಗಳಂಥವು ಮೊದಲು, ಆಮೇಲೆ ಉಳಿದ ಎಕ್ಸ್‌ಪ್ರೆಸ್‌ಗಳು, ಕೊನೆಗೆ ಊರೂರಿಗೆ ನಿಲ್ಲುವ ಪ್ಯಾಸೆಂಜರ್. ಒಂದು ರೈಲು ಅರ್ಧ ಗಂಟೆ ತಡವಾದರೆ ಅದರ ಎದುರಿನವು, ಎದುರಿನವುಗಳ ಎದುರಿನವು ಹೀಗೆ ತಡ ಹರಡುತ್ತ ಹೋಗಿ, ಅದರ ಭಾರ ಬಹುಪಾಲು ಬೀಳುವುದು ಸ್ಥಳೀಯರ ಪ್ಯಾಸೆಂಜರ್ ರೈಲಿನ ಮೇಲೆ.

ಜೋಡಿ ಹಳಿ ಹಾಕಿಸಲು ಆಗದ ಕಡೆ ಬ್ಲಾಕುಗಳನ್ನು ಚಿಕ್ಕದು ಮಾಡುವುದೊಂದು ಉಪಾಯ. ಎರಡು ನಿಲ್ದಾಣಗಳ ನಡುವೆ ಹೊಸದಾಗಿ ಒಂದು ಕ್ರಾಸಿಂಗ್ ನಿಲ್ದಾಣ ಕಟ್ಟಿದರೆ ಕಾಯುವ ಹೊತ್ತು ಅರ್ಧಕ್ಕಿಳಿಯುತ್ತದೆ. ಕರ್ನಾಟಕದಲ್ಲಿ ಮಿರ್ಜಾನ ಮತ್ತು ಇನ್ನಂಜೆ ನಿಲ್ದಾಣಗಳು ಹುಟ್ಟಿದ್ದು ಹೀಗೆ. ಉತ್ತರದ ತುದಿಯಲ್ಲಿ ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿಲೋಮೀಟರ್ ಮಾತ್ರ 2021ರಲ್ಲಿ ಜೋಡಿ ಹಳಿಯಾಯಿತು. ಅದರ ಮುಂದೆ ಸುರಂಗಗಳು ಆರಂಭವಾಗುವುದರಿಂದ ಇನ್ನೊಂದು ಹಳಿ ಎಂದರೆ ಇನ್ನೊಂದು ಸುರಂಗ, ಇನ್ನೊಂದು ಸೇತುವೆ. ವಿದ್ಯುದೀಕರಣದ ವಿಷಯದಲ್ಲಿ ಮಾತ್ರ ಮಾರ್ಗ ಹಿಂದೆ ಬಿದ್ದಿಲ್ಲ. ಇಡೀ ಮಾರ್ಗದ ವಿದ್ಯುದೀಕರಣವನ್ನು 2022ರ ಜೂನ್ 20ರಂದು ಬೆಂಗಳೂರಿನ ಸಮಾರಂಭದಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ಉದ್ದದ ಸುರಂಗಗಳಲ್ಲಿ ಡೀಸೆಲ್ ಹೊಗೆ ತುಂಬಿಕೊಳ್ಳುತ್ತಿದ್ದ ಕಾಟಕ್ಕೂ ಇದರಿಂದ ಕೊನೆಯಾಯಿತು.

ಪ್ರಯಾಣಿಕ ರೈಲುಗಳ ನಡುವೆ ಸರಕೂ ಸಾಗಬೇಕು. ಕರಾವಳಿಯಲ್ಲಿ ಸರಕು ರೈಲಿಗೆ ಬೇಕಾದಷ್ಟು ಕಾರ್ಖಾನೆಗಳಾಗಲಿ ಗಣಿಗಳಾಗಲಿ ಇಲ್ಲದ್ದರಿಂದ ನಿಗಮ ಹೆದ್ದಾರಿಯ ಲಾರಿಗಳನ್ನೇ ರೈಲಿಗೆ ಹತ್ತಿಸುವ ಉಪಾಯ ಹೂಡಿತು. ರೋ-ರೋ ಎಂಬ ಈ ಸೇವೆಯಲ್ಲಿ ತುಂಬಿದ ಲಾರಿಗಳು ಇಳಿಜಾರು ಕಟ್ಟೆಯ ಮೂಲಕ ಚಪ್ಪಟೆ ವ್ಯಾಗನ್‌ಗಳನ್ನು ಏರಿ ಸಾಲಾಗಿ ನಿಲ್ಲುತ್ತವೆ, ಚಾಲಕನೂ ಕ್ಲೀನರನೂ ಲಾರಿಯಲ್ಲೇ ಕೂತು ಸಾಗುತ್ತಾರೆ. 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣೆಯ ನಡುವೆ ಆರಂಭವಾದ ಇದು ಮುಂದೆ ಸುರತ್ಕಲ್‌ವರೆಗೆ ವಿಸ್ತರಿಸಿತು. ಮಾರ್ಗದ ಆಡಳಿತ ಕಚೇರಿ ನವಿ ಮುಂಬೈಯ ಬೇಲಾಪುರದಲ್ಲಿದ್ದು, ಕ್ಷೇತ್ರ ಕಚೇರಿಗಳು ರತ್ನಾಗಿರಿ ಮತ್ತು ಕಾರವಾರಗಳಲ್ಲಿವೆ.

ಮಳೆಗಾಲದ ವೇಳಾಪಟ್ಟಿ

ಈ ಮಾರ್ಗಕ್ಕೆ ವರ್ಷದಲ್ಲಿ ಎರಡು ವೇಳಾಪಟ್ಟಿಗಳಿವೆ. ಬಹುಕಾಲದಿಂದ ಜೂನ್ 10ರಿಂದ ಅಕ್ಟೋಬರ್ ಕೊನೆಯವರೆಗೆ ಮಳೆಗಾಲದ ಪಟ್ಟಿ ಜಾರಿಯಲ್ಲಿರುತ್ತಿತ್ತು. 2025ರಲ್ಲಿ ಆ ಅವಧಿಯನ್ನು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಎಂದು ಇಳಿಸಲಾಯಿತು. ಆ ತಿಂಗಳುಗಳಲ್ಲಿ ವೇಗ ಕಡಿಮೆ, ರೈಲುಗಳು ಹೊರಡುವ ಹೊತ್ತೂ ತಲುಪುವ ಹೊತ್ತೂ ಬೇರೆ, ಕೆಲವು ರೈಲುಗಳು ವಾರದಲ್ಲಿ ಓಡುವ ದಿನಗಳೂ ಕಡಿಮೆ.

ಇಷ್ಟು ಎಚ್ಚರಿಕೆಯ ಹಿಂದೆ ಎರಡು ದುರಂತಗಳಿವೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ಸಿಂಧುದುರ್ಗ ಜಿಲ್ಲೆಯ ವೈಭವವಾಡಿಯ ಹತ್ತಿರ, ಕಟಿಂಗಿನ ಮೇಲಿನಿಂದ ಹಳಿಗೆ ಜಾರಿದ್ದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಜೂನ್ 16ರಂದು ಮಂಗಳೂರಿನಿಂದ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯಲ್ಲಿ ಇದೇ ರೀತಿ ಬಂಡೆಗೆ ತಾಗಿ, ಬೋಗಿಗಳು ಸೇತುವೆಯಿಂದ ಕೆಳಗುರುಳಿದವು. ವೇಗಕ್ಕೆಂದು ಗುಡ್ಡಗಳನ್ನು ನೇರವಾಗಿ ಸೀಳಿ ಮಾಡಿದ್ದ ದಾರಿಯ ಗೋಡೆಗಳೇ ಎರಡು ಬಾರಿಯೂ ರೈಲಿನ ಮೇಲೆ ಬಿದ್ದಂತಾಯಿತು.

ಅಂದಿನಿಂದ ಕಟಿಂಗುಗಳ ಇಳಿಜಾರನ್ನು ಸಡಿಲಗೊಳಿಸಿ, ಅಲ್ಲಲ್ಲಿ ಮೆಟ್ಟಿಲುಗಳಂತೆ ಕಡಿದು, ಉಕ್ಕಿನ ಬಲೆ ಹೊದಿಸಿ, ಮಣ್ಣು ಹಿಡಿದಿಡುವಂತೆ ಲಾವಂಚದ ಜಾತಿಯ ಹುಲ್ಲನ್ನು ನೆಟ್ಟು ಭದ್ರಪಡಿಸುವ ಕೆಲಸ ನಡೆಯುತ್ತ ಬಂದಿದೆ. ಮಳೆಗಾಲದಲ್ಲಿ ನೂರಾರು ಸಿಬ್ಬಂದಿ ಹಗಲಿರುಳು ಹಳಿಯ ಮೇಲೆ ಗಸ್ತು ತಿರುಗುತ್ತಾರೆ. ಅಪಾಯದ ಕಟಿಂಗುಗಳಲ್ಲಿ ಕಾವಲುಗಾರರು ಇಪ್ಪತ್ನಾಲ್ಕು ಗಂಟೆಯೂ ಪಾಳಿಯ ಮೇಲೆ ಇರುತ್ತಾರೆ. ಮಳೆ ಹೊಡೆದು ಮುಂದಿನ ದಾರಿ ಕಾಣದಂತಾದರೆ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕೆಂದು ಲೋಕೊ ಪೈಲಟ್‌ಗಳಿಗೆ, ಅಂದರೆ ಎಂಜಿನ್ ಚಾಲಕರಿಗೆ, ಆಜ್ಞೆಯಿದೆ. ನಿಲ್ದಾಣಗಳಲ್ಲಿ ತಾನಾಗಿ ದಾಖಲಿಸುವ ಮಳೆಮಾಪಕಗಳು, ಪಾನ್ವಲ್, ಮಾಂಡವಿ, ಜುವಾರಿ, ಶರಾವತಿ ಸೇತುವೆಗಳಲ್ಲಿ ಗಾಳಿಯ ವೇಗ ಅಳೆಯುವ ಉಪಕರಣಗಳು, ಸಾವಿತ್ರಿ, ವಾಶಿಷ್ಠಿಗಳಂಥ ಹೊಳೆಗಳಲ್ಲಿ ನೆರೆಯ ಮುನ್ಸೂಚನೆ ಕೊಡುವ ಸಾಧನಗಳು ಇವೆ. ಇಷ್ಟಾದರೂ ಕೊನೆಗೆ ನೆಚ್ಚಬೇಕಾದದ್ದು ಕೊಡೆ, ದೀಪ, ಬಾವುಟ ಹಿಡಿದು ಮಳೆಯಲ್ಲಿ ನಡೆಯುವವನ ಕಣ್ಣನ್ನೇ. ಈ ಕ್ರಮಗಳ ಫಲವಾಗಿ ಅಂಥ ಸಾವುನೋವು ಮರುಕಳಿಸಿಲ್ಲ. ಸಂಚಾರ ನಿಲ್ಲುವುದು ಮಾತ್ರ ಪೂರ್ತಿ ತಪ್ಪಿಲ್ಲ. 2020ರ ಆಗಸ್ಟಿನಲ್ಲಿ ಪೆಡಣೆ ಸುರಂಗದ ಗೋಡೆಯ ಒಂದು ಭಾಗ ಕುಸಿದು ಒಂದು ತಿಂಗಳಿಗೂ ಹೆಚ್ಚು ಕಾಲ ರೈಲುಗಳು ಲೋಂಡಾ, ಮೀರಜ್, ಪುಣೆಗಳ ಮೇಲೆ ಬಳಸಿ ಹೋಗಬೇಕಾಯಿತು. 2021ರ ಜುಲೈನಲ್ಲಿ ಚಿಪ್ಳೂಣದ ಬಳಿ ವಾಶಿಷ್ಠಿ ಉಕ್ಕಿ ಮಾರ್ಗ ಬಂದಾಯಿತು. 2024ರ ಜುಲೈನಲ್ಲಿ ಅದೇ ಪೆಡಣೆ ಸುರಂಗದೊಳಗೆ ಕೆಸರುನೀರು ಉಕ್ಕಿ ಮತ್ತೆ ರೈಲುಗಳು ರದ್ದಾದವು.

ಪ್ರಯಾಣಿಕ ರೈಲುಗಳು

ಮಾರ್ಗ ತೆರೆದಾಗ ಮಂಗಳೂರು–ಮುಂಬೈ ನಡುವಿನ ರೈಲಿನ ದೂರ 2,041ರಿಂದ 914 ಕಿಲೋಮೀಟರಿಗೆ ಇಳಿದು, ಪ್ರಯಾಣದ ಅವಧಿ 41 ಗಂಟೆಗಳಿಂದ ಸುಮಾರು 15 ಗಂಟೆಗಳಿಗೆ ಬಂತು. ಈ ಎರಡು ಊರುಗಳ ನಡುವೆ 1998ರ ಮೇ 1ರಂದು ಆರಂಭವಾದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಾವಳಿ ಕನ್ನಡಿಗರಿಗೂ ತುಳುವರಿಗೂ ತಮ್ಮದೇ ರೈಲೆನಿಸಿದೆ. ಮಹಾಭಾರತದ ಸತ್ಯವತಿಯ ಮೊದಲ ಹೆಸರನ್ನು ಮೀನಿನ ಬಂದರುಗಳ ನಡುವೆ ಓಡುವ ರೈಲಿಗೆ ಇಟ್ಟವರ ವಿನೋದಪ್ರಜ್ಞೆ ಮೆಚ್ಚತಕ್ಕದ್ದು.

ಮುಂಬೈ–ಗೋವಾ ನಡುವೆ ಕೊಂಕಣಕನ್ಯಾ, ಮಾಂಡವಿ, ಜನ ಶತಾಬ್ದಿಗಳೂ, 2017ರಿಂದ ತೇಜಸ್ ಎಕ್ಸ್‌ಪ್ರೆಸ್ಸೂ, 2023ರ ಜೂನಿನಿಂದ ವಂದೇ ಭಾರತ್ ರೈಲೂ ಓಡುತ್ತಿವೆ. ಸಾವಂತವಾಡಿಗೆ ಹೋಗುವ ತುತಾರಿ ಎಕ್ಸ್‌ಪ್ರೆಸ್ಸಿಗೆ ಮರಾಠಿ ಕವಿ ಕೇಶವಸುತರ ಕವಿತೆಯೊಂದರ ಹೆಸರು. ಗಣೇಶ ಚತುರ್ಥಿಗೆ ಮುಂಬೈಯ ಕೊಂಕಣಿಗರು ಕುಟುಂಬ ಸಮೇತ ಊರಿಗೆ ಹೊರಡುವುದರಿಂದ ಮಳೆಗಾಲದ ವೇಗಮಿತಿ ಇನ್ನೂ ಜಾರಿಯಲ್ಲಿರುವಾಗಲೇ ನಿಗಮ ಹೆಚ್ಚುವರಿ ರೈಲುಗಳ ದೊಡ್ಡ ಸಾಲನ್ನೇ ಒಂಟಿ ಹಳಿಗೆ ಬಿಡಬೇಕಾಗುತ್ತದೆ. ವರ್ಷದ ಅತಿ ಕಠಿಣ ವಾರಗಳು ಅವೇ. ಇವೆಲ್ಲದರ ಜೊತೆಗೆ ದಿಲ್ಲಿ, ಗುಜರಾತು, ರಾಜಸ್ಥಾನಗಳಿಂದ ಕೇರಳಕ್ಕೆ ಹೋಗುವ ದೂರದ ರೈಲುಗಳಿವೆ. ಅವು ಕರಾವಳಿಯ ಬಹುಪಾಲು ನಿಲ್ದಾಣಗಳಲ್ಲಿ ನಿಲ್ಲದೆ ಹಾದುಹೋಗುತ್ತವೆ.

ಕರ್ನಾಟಕದ ಭಾಗ

ಕಾಳಿಯ ಉತ್ತರದ ಅಸ್ನೋಟಿಯಿಂದ ತೋಕೂರಿನವರೆಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಬೈಂದೂರು, ಕುಂದಾಪುರ, ಬಾರ್ಕೂರು, ಉಡುಪಿ, ಮೂಲ್ಕಿ, ಸುರತ್ಕಲ್ ಮುಂತಾದ ನಿಲ್ದಾಣಗಳಿವೆ. ನೇರವಾದ ಹಳಿಯನ್ನು ಆರಿಸಿಕೊಂಡದ್ದರ ಬೆಲೆ ಇಲ್ಲಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ: ನಿಲ್ದಾಣಗಳು ಊರಿನೊಳಗಿಲ್ಲ. ಕಾರವಾರದ್ದು ಶಿರವಾಡದಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಉಡುಪಿಯದ್ದು ಇಂದ್ರಾಳಿಯಲ್ಲಿ. ಗೋಕರ್ಣ ರೋಡ್, ಮೂಕಾಂಬಿಕಾ ರೋಡ್ ಬೈಂದೂರು ಎಂಬ ಹೆಸರುಗಳಲ್ಲಿರುವ ರೋಡ್ ಎಂಬ ಮಾತು ರೈಲ್ವೆಯ ಹಳೆಯ ರೂಢಿ. ಊರು ಇನ್ನೂ ದೂರವಿದೆ, ಮುಂದಿನದು ರಸ್ತೆಯ ಪ್ರಯಾಣ ಎಂಬುದು ಅದರ ಅರ್ಥ. ಕೊಲ್ಲೂರಿಗೆ ಕೇರಳದಿಂದ ಬರುವ ಯಾತ್ರಿಕರಲ್ಲಿ ಅನೇಕರು ಇಳಿಯುವುದು ಬೈಂದೂರಿನಲ್ಲಿ.

ಕರಾವಳಿ ರಾಜ್ಯದ ರಾಜಧಾನಿ ಬೆಂಗಳೂರಿಗೆ ಹತ್ತಿರವಾಗಲು ಈ ಮಾರ್ಗ ಬಹಳ ಕಾಲ ನೆರವಾಗಲಿಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವನ್ನು ಅಗಲ ಹಳಿಗೆ ಬದಲಿಸಲೆಂದು 1996ರಲ್ಲಿ ಮುಚ್ಚಲಾಗಿದ್ದು, ಘಟ್ಟದ ಮೇಲೆ ಪ್ರಯಾಣಿಕ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ನಡುವಿನ ಸುಮಾರು ಹತ್ತು ವರ್ಷ ಉಡುಪಿಯವರು ಒಂದು ರಾತ್ರಿ ಕಳೆಯುವುದರೊಳಗೆ ರೈಲಿನಲ್ಲಿ ಮುಂಬೈ ಸೇರಬಹುದಿತ್ತು, ತಮ್ಮದೇ ರಾಜ್ಯದ ಬೆಂಗಳೂರಿಗೆ ನೇರ ರೈಲು ಇರಲಿಲ್ಲ. ಅನಂತರ ಬಂದ ಬೆಂಗಳೂರು–ಕಾರವಾರ ರೈಲು ಮಂಗಳೂರು ಸೆಂಟ್ರಲ್ ಹೊಕ್ಕು, ಎಂಜಿನನ್ನು ಇನ್ನೊಂದು ತುದಿಗೆ ಜೋಡಿಸಿಕೊಂಡು ಹೊರಬರಬೇಕಾಗಿತ್ತು. 2020ರಲ್ಲಿ ಆರಂಭವಾದ ಪಂಚಗಂಗಾ ಎಕ್ಸ್‌ಪ್ರೆಸ್ ಪಡೀಲು ಬೈಪಾಸಿನ ಮೂಲಕ ಈ ಸುತ್ತನ್ನು ತಪ್ಪಿಸಿತು. ಅದರ ಹೆಸರು ಕುಂದಾಪುರ ಗಂಗೊಳ್ಳಿಗಳ ನಡುವೆ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯದು. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ನಡುವೆ ವಂದೇ ಭಾರತ್ ಬಂದರೂ ಅದಕ್ಕೆ ನಿರೀಕ್ಷಿಸಿದಷ್ಟು ಪ್ರಯಾಣಿಕರು ಸಿಗಲಿಲ್ಲ. ಕಾಲೇಜು, ಆಸ್ಪತ್ರೆ, ಮಾರುಕಟ್ಟೆಗೆ ಓಡಾಡುವವರಿಗೆ ಅದೇ ಊರುಗಳ ನಡುವಿನ ಮೆಮು, ಅಂದರೆ ಪ್ರತ್ಯೇಕ ಎಂಜಿನ್ ಇಲ್ಲದ ವಿದ್ಯುತ್ ಪ್ಯಾಸೆಂಜರ್, ಹೊತ್ತಿಗೆ ಸರಿಯಾಗಿ ಓಡುವುದೇ ಹೆಚ್ಚು ಮುಖ್ಯ.

ಮಡಗಾಂವ್‌ನಿಂದ ಮಂಗಳೂರಿನವರೆಗಿನ ಉದ್ದಕ್ಕೂ ಘಟ್ಟದ ಮೇಲಿನ ನಾಡಿಗೆ ಸೇರುವ ಹಳಿ ಒಂದೂ ಇಲ್ಲ. ಅಂಕೋಲೆಯಿಂದ ಹುಬ್ಬಳ್ಳಿಗೆ ಯೋಜಿಸಿದ ಮಾರ್ಗ ದಟ್ಟ ಕಾಡನ್ನು ಹಾದುಹೋಗಬೇಕಾದದ್ದರಿಂದ ಎರಡು ದಶಕಗಳಿಗೂ ಮೀರಿ ಪರಿಸರದ ವಾದವಿವಾದಗಳಲ್ಲಿ ಸಿಕ್ಕಿಕೊಂಡಿದೆ. ದಕ್ಷಿಣದ ತುದಿಯ ತೊಡಕು ಬೇರೆ ಬಗೆಯದು. ಕೊಂಕಣ ರೈಲ್ವೆಯ ಗಡಿ ತೋಕೂರಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ಘಟ್ಟದ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಒಂದು ನಗರದ ಸುತ್ತ ಮೂರು ಆಡಳಿತಗಳು ಕೂಡುವುದರಿಂದ ಹೊಸ ರೈಲಾಗಲಿ ಬದಲಾದ ಹೊತ್ತಾಗಲಿ ಮೂವರೂ ಒಪ್ಪದೆ ಆಗುವುದಿಲ್ಲವೆಂಬ ದೂರು ಕರಾವಳಿಯಲ್ಲಿ ಹಳೆಯದು.

ಹಣಕಾಸು ಮತ್ತು ವಿಲೀನದ ಪ್ರಶ್ನೆ

ಸಾಲದ ಹಣದಿಂದ ಕಟ್ಟಿದ ಮಾರ್ಗವಾದ್ದರಿಂದ ಟಿಕೆಟ್ ದರವನ್ನು ಲೆಕ್ಕಹಾಕುವಾಗ ದೂರವನ್ನು ವಾಸ್ತವಕ್ಕಿಂತ ಶೇ. 40ರಷ್ಟು ಹಿಗ್ಗಿಸಿ ಹಿಡಿಯುವ ಪದ್ಧತಿ ಬಂತು. ಮಾರ್ಗ ದೂರವನ್ನು ಕಡಿಮೆ ಮಾಡಿತು, ಟಿಕೆಟ್ಟು ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ತೆಗೆದುಕೊಂಡಿತು. ಆದಾಯಕ್ಕಾಗಿ ನಿಗಮ ಹೊರಗಿನ ನಿರ್ಮಾಣ ಕಾರ್ಯಗಳನ್ನೂ ವಹಿಸಿಕೊಂಡು, ಕಾಶ್ಮೀರದ ರೈಲು ಮಾರ್ಗದಲ್ಲಿ ನದಿಪಾತ್ರದಿಂದ 359 ಮೀಟರ್ ಎತ್ತರದ ಚಿನಾಬ್ ಸೇತುವೆಯ ಕೆಲಸವನ್ನು ನಡೆಸಿತು. ಅದು 2025ರ ಜೂನಿನಲ್ಲಿ ಉದ್ಘಾಟನೆಯಾಯಿತು. ಆದರೆ ತನ್ನದೇ ಮಾರ್ಗಕ್ಕೆ ಎರಡನೆಯ ಹಳಿ ಹಾಕಿಸುವಷ್ಟು ಬಂಡವಾಳ ಅದರ ಬಳಿ ಇಲ್ಲ. ಪ್ರತ್ಯೇಕ ಕಂಪನಿಯಾಗಿದ್ದುದರಿಂದಲೇ ಬೇಗ ಕಟ್ಟಲು ಸಾಧ್ಯವಾದ ಮಾರ್ಗ, ಪ್ರತ್ಯೇಕ ಕಂಪನಿಯಾಗಿ ಉಳಿದದ್ದರಿಂದಲೇ ಭಾರತೀಯ ರೈಲ್ವೆಯ ಬಜೆಟ್ ಅನುದಾನದಿಂದ ದೂರ ಉಳಿಯಿತು.

ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಬೇಕೆಂಬ ಬೇಡಿಕೆ ಕರಾವಳಿಯ ಜನಪ್ರತಿನಿಧಿಗಳಿಂದಲೂ ಪ್ರಯಾಣಿಕರ ಸಂಘಗಳಿಂದಲೂ ಬಲವಾಗಿ ಕೇಳಿಬಂದದ್ದು ಈ ಕಾರಣಕ್ಕೆ. ಪಾಲುದಾರ ರಾಜ್ಯಗಳ ಒಪ್ಪಿಗೆ ಅದಕ್ಕೆ ಅಗತ್ಯ. ಕರ್ನಾಟಕ, ಗೋವಾ, ಕೇರಳಗಳ ಬಳಿಕ ಮಹಾರಾಷ್ಟ್ರವೂ 2025ರ ಮೇ ತಿಂಗಳಲ್ಲಿ ಸಮ್ಮತಿ ಸೂಚಿಸಿ, ತಾನು ಹೂಡಿದ ಸುಮಾರು 394 ಕೋಟಿ ರೂಪಾಯಿಯನ್ನು ಮರಳಿಸಬೇಕೆಂದೂ, ವಿಲೀನವಾದ ಮೇಲೂ ಮಾರ್ಗಕ್ಕೆ ಕೊಂಕಣ ರೈಲ್ವೆ ಎಂಬ ಹೆಸರೇ ಇರಬೇಕೆಂದೂ ಷರತ್ತು ಹಾಕಿತು.